ಕುಂಕುಮವಿಲ್ಲದ ಚಕ್ರ

ಆ ಸೋಮವಾರ ಬೆಳಿಗ್ಗೆ ಮಧುಗಿರಿಯಲ್ಲಿ ಬೆಟ್ಟವೇ ಇರಲಿಲ್ಲ. ರಾತ್ರಿಯ ತುಂತುರು ನಿಂತು, ಬೆಚ್ಚಗಿದ್ದ ನೆಲ ಉಸಿರು ಬಿಟ್ಟು, ಕೋಟೆಯ ತಲೆಯಿಂದ ಬುಡದ ಬಂಡೆಯವರೆಗೂ ಮಂಜು ಹೊದ್ದುಕೊಂಡಿತ್ತು. ಹಾಲಿಗೆ ಹೊರಟ ಹೆಂಗಸರು ಬೆಟ್ಟವಿರಬೇಕಾದ ಕಡೆಗೆ ತಿರುಗಿ ಕೈಮುಗಿದು ನಡೆದರು. ಕಾಣದಿದ್ದರೂ ಇದ್ದೇ ಇದೆ ಎಂಬ ನಂಬಿಕೆ ದೇವರಿಗೆ ಸಲ್ಲುವಂತೆ ಬೆಟ್ಟಕ್ಕೂ ಸಲ್ಲುತ್ತದೆ.

ದಾಕ್ಷಾಯಣಮ್ಮ ಸೈಕಲ್ ಷೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಒಳಗೆ ಮೆಕ್ಯಾನಿಕ್ ರಂಗೇಶ್ ಒಂದು ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿ ಅದರ ಚೈನನ್ನು ಬಟ್ಟೆಯಲ್ಲಿ ಹಿಡಿದು ಎಳೆಯುತ್ತಿದ್ದ. ಇವತ್ತು ಆ ಸೈಕಲ್ಲನ್ನು ಯಾರೂ ಹತ್ತುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಎಳೆಯುತ್ತಿದ್ದ.

ಹಿಂದಿನ ದಿನ ಚನ್ನರಾಯನದುರ್ಗದ ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿಯದೆ ಬಂಡೆಗೆ ಬಡಿದು ಬಿದ್ದ ಪ್ರಸನ್ನ ಕುಮಾರ್ ತುಮಕೂರಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಮಟ್ಟಿಗೆ, ಆ ಬ್ಯಾಟರಿ ಸೈಕಲ್ಲಿನ ಬ್ರೇಕಿಗೆ ಕೊನೆಯದಾಗಿ ಕೈ ಹಾಕಿದವನು ರಂಗೇಶ್.

ಊರಿಗೆ ಅಷ್ಟು ಸಾಕಾಗಿತ್ತು. ಪ್ರಸನ್ನ ಕುಮಾರ್ ಕೊರಟಗೆರೆಯವನು, ಷೆಡ್ಡಿಗೆ ಬಂದ ಅತಿಥಿಗಳನ್ನು ಬೆಟ್ಟದ ದಾರಿಗಳಲ್ಲಿ ಕರೆದೊಯ್ಯುವವನು. ಮಳೆ ಬಂದ ವಾರ ಅವನು ಸೈಕಲ್ಲನ್ನು ಹಳ್ಳದ ನೀರಿಗೆ ಇಳಿಸಿ ಮೋಟಾರಿಗೆ ನೀರು ಕುಡಿಸಿದ್ದ. ರಂಗೇಶ್ ಅವನನ್ನು ಅತಿಥಿಗಳ ಮುಂದೆಯೇ ಜಾಡಿಸಿದ್ದ. ಎಮ್ಮೆ ಮೈ ತೊಳೆಯೋಕೆ ಕೆರೆ ಇದೆ, ಇದನ್ನ ಯಾಕೆ ಇಳಿಸ್ದೆ ಎಂದಿದ್ದನಂತೆ. ಆ ಮಾತು ಈಗ ಟೀ ಅಂಗಡಿಗಳಲ್ಲಿ ಬೆಳೆದು ಕೊಲೆ ಬೆದರಿಕೆಯಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ನರಸಿಂಹರಾಜು ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾಕ್ಷಾಯಣಮ್ಮನ ಕೈಕೆಳಗೆ ಪಳಗಿದವರು. ಈಗ ದಾಕ್ಷಾಯಣಮ್ಮ ನಿವೃತ್ತರಾಗಿ ಮನೆಯಲ್ಲಿದ್ದರೂ, ತೊಡಕು ಬಂದರೆ ಫೋನು ಅವರಿಗೇ ಬರುತ್ತಿತ್ತು. ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ರಂಗೇಶನ ಹೆಸರಿಗೇ ಕೇಸು ಬರೆಯಬೇಕಾಗುತ್ತದೆ, ಹುಡುಗ ಠಾಣೆಯಲ್ಲಿ ಬಾಯೇ ಬಿಡಲಿಲ್ಲ ಎಂದು ನರಸಿಂಹರಾಜು ಬೇಸರದಿಂದ ಹೇಳಿದ್ದರು.

ಬಾಯಿ ಬಿಡದವನ ಎದುರು ದಾಕ್ಷಾಯಣಮ್ಮ ಒಂದು ಸ್ಟೂಲು ಎಳೆದುಕೊಂಡು ಕೂತರು. ಹೊರಗೆ ಮಲ್ಲೇಶ್ ಒದ್ದೆ ಬಟ್ಟೆಯಲ್ಲಿ ಇನ್ನೊಂದು ಸೈಕಲ್ಲಿನ ಕೆಸರು ಒರೆಸುತ್ತಿದ್ದ. ಗೌಡಗೆರೆಯವನು, ಸೈಕಲ್ಲುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬೆಟ್ಟದ ಬುಡಕ್ಕೆ ತಲುಪಿಸುವುದು ಅವನ ಕೆಲಸ. ಪೈಪು ಹಿಡಿದು ನೀರು ಹಾರಿಸುವ ಹಾಗಿಲ್ಲ, ಮೋಟಾರಿನ ಸಂದಿಗೆ ನೀರು ಹೋಗುತ್ತದೆ. ಆದ್ದರಿಂದ ಆ ಕೆಲಸ ಮಗುವಿಗೆ ಮೈ ಒರೆಸಿದಷ್ಟು ನಿಧಾನ.

ಷೆಡ್ಡಿನ ಒಡತಿ ಅನುಪಮಾ ಫೋನು ಇಟ್ಟು ಒಳಗೆ ಬಂದಳು. ಶಿರಾದವಳು, ಮೆಕ್ಯಾನಿಕಲ್ ಓದಿ, ಓದಿದ್ದನ್ನು ಕೈಯಲ್ಲಿ ಮಾಡಿ ನೋಡಬೇಕೆಂದು ಈ ಬೆಟ್ಟದ ಬುಡಕ್ಕೆ ಬಂದು, ಬೆಟ್ಟ ಸುತ್ತಲು ಬರುವವರಿಗೆಂದು ಬ್ಯಾಟರಿ ಸೈಕಲ್ಲು ತಂದಿಟ್ಟವಳು. ಬರಬೇಕಿದ್ದ ಅತಿಥಿಗಳು ಒಬ್ಬೊಬ್ಬರಾಗಿ ಬೇಡವೆನ್ನುತ್ತಿದ್ದರು. ಅವಳು ರಂಗೇಶನ ಕಡೆ ನೋಡಲಿಲ್ಲ. ನೋಡಿದರೆ ಕೇಳಬೇಕಾಗುತ್ತದೆ, ಕೇಳಿದರೆ ಅವನು ಸುಮ್ಮನಿರುತ್ತಾನೆ.

ಬ್ರೇಕು ಅಂದರೆ ಏನಮ್ಮ, ನನಗೆ ಅರ್ಥವಾಗುವ ಹಾಗೆ ಹೇಳು ಎಂದರು ದಾಕ್ಷಾಯಣಮ್ಮ.

ಅನುಪಮಾ ಸ್ಟ್ಯಾಂಡಿನ ಸೈಕಲ್ಲಿನ ಮುಂದಿನ ಚಕ್ರವನ್ನು ಜೋರಾಗಿ ತಿರುಗಿಸಿದಳು. ಚಕ್ರದ ನಡುವೆ ಕೈಯಗಲದ ಒಂದು ಉಕ್ಕಿನ ತಟ್ಟೆ, ಮೈತುಂಬ ತೂತು. ಅದರ ಎರಡು ಬದಿಗೆ ಹೆಬ್ಬೆಟ್ಟಿನಷ್ಟು ಎರಡು ಪ್ಯಾಡು. ಅವಳು ಹಿಡಿಯ ಮೇಲೆ ಒಂದೇ ಬೆರಳು ಒತ್ತಿದಳು. ಪ್ಯಾಡುಗಳು ತಟ್ಟೆಯನ್ನು ಕಚ್ಚಿಕೊಂಡು ಚಕ್ರ ನಿಂತಲ್ಲೇ ನಿಂತಿತು. ಮೋಟಾರು, ಬ್ಯಾಟರಿ ಸೇರಿ ಈ ಸೈಕಲ್ಲು ಒಂದು ಮೇಕೆ ಹೊತ್ತಷ್ಟು ಭಾರ. ಹತ್ತುವಾಗ ಮೋಟಾರು ತಳ್ಳುತ್ತದೆ, ಇಳಿಯುವಾಗ ಆ ಭಾರವನ್ನೆಲ್ಲ ಈ ಎರಡು ತುಂಡು ತಡೆಯಬೇಕು. ಠಾಣೆಯ ಅಂಗಳದಲ್ಲಿ ಅವಳೇ ನೋಡಿದ್ದಳು: ಬಿದ್ದ ಸೈಕಲ್ಲಿನ ಹಿಡಿ ಗಟ್ಟಿಯಾಗಿತ್ತು, ಕೊಳವೆ ಕತ್ತರಿಸಿರಲಿಲ್ಲ, ಎಲ್ಲೂ ಸೋರಿರಲಿಲ್ಲ. ಹಿಡಿ ಒತ್ತಿದರೆ ಪ್ಯಾಡು ತಟ್ಟೆಯನ್ನು ಮುಟ್ಟುತ್ತದೆ, ಆದರೆ ಜಾರುತ್ತದೆ.

"ಯಾವುದೋ ಎಣ್ಣೆ ಕುಡಿದಿದೆ ಅಮ್ಮ, ಪ್ಯಾಡು. ಒಂದ್ಸಲ ಕುಡಿದ್ರೆ ಮುಗೀತು, ಬಿಸಾಕಬೇಕು."

ಷೆಡ್ಡಿನಲ್ಲಿ ಎಣ್ಣೆಗೇನು ಕಡಿಮೆ? ಚೈನಿಗೊಂದು, ಮುಂದಿನ ಫೋರ್ಕಿಗೊಂದು, ಬ್ರೇಕಿನ ಕೊಳವೆಗೊಂದು. ಎಲ್ಲ ರಂಗೇಶನ ಕೈಯಳತೆಯಲ್ಲೇ ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಯಾವುದೇ ಆದರೂ ಬೆರಳು ಅವನ ಕಡೆಗೇ ತಿರುಗುತ್ತದೆ. ದಾಕ್ಷಾಯಣಮ್ಮ ಒಂದೊಂದನ್ನೂ ಮುಚ್ಚಳ ತೆಗೆದು ಮೂಸಿದರು. ಆಮೇಲೆ ಮಡಿಲಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಬಿದ್ದ ಸೈಕಲ್ಲಿನ ಪ್ಯಾಡುಗಳು ಠಾಣೆಯಲ್ಲೇ ಇದ್ದವು. ಒಂದರ ಅಂಚಿನಿಂದ ನರಸಿಂಹರಾಜು ಕೆರೆದು ಕೊಟ್ಟ ಒಂದು ಚಿಟಿಕೆ ಕರಿಪುಡಿ ಅದರೊಳಗಿತ್ತು.

ಅವರು ಎದ್ದು ಹಿಂಬದಿಯ ಅಡುಗೆ ಮೂಲೆಗೆ ನಡೆದರು. ಅಲ್ಲಿ ಅತಿಥಿಗಳಿಗೆ ಊಟ ಬೇಯಿಸುವ ಸೌದೆ ಒಲೆಯಲ್ಲಿ ಕೆಂಡ ಇನ್ನೂ ಜೀವಂತವಾಗಿತ್ತು.

ರಂಗೇಶನ ಕೈಯಿಂದ ಚೈನು ಜಾರಿತು. ಆ ಬೆಳಿಗ್ಗೆ ಅವನು ಮೊದಲ ಸಲ ಮಾತಾಡಿದ.

"ಅಮ್ಮ, ಅದನ್ನ ಸುಡಬೇಡಿ."

"ಯಾಕಪ್ಪ?"

ಅವನು ನೆಲ ನೋಡಿದ. ದಾಕ್ಷಾಯಣಮ್ಮ ಅವನನ್ನು ಒಂದು ಗಳಿಗೆ ನೋಡಿ, ಧೂಪ ಹಾಕುವವರ ಹಾಗೆ ಪುಡಿಯನ್ನು ಕೆಂಡದ ಮೇಲೆ ಉದುರಿಸಿದರು.

ಮೊದಲು ರಬ್ಬರು ಸುಟ್ಟ ವಾಸನೆ. ಅದು ಹಾದುಹೋದ ಮೇಲೆ ನಿಧಾನವಾಗಿ ಇನ್ನೊಂದು ವಾಸನೆ ಎದ್ದಿತು. ಮಂದ, ಭಾರ, ಮೂಗಿನಲ್ಲಿ ಕೂರುವಂಥದ್ದು. ಹಳೆಯ ಗಾಡಿಯ ಅಚ್ಚಿನದು, ಬಾಣಂತಿ ಕೋಣೆಯದು, ಸಂಜೆ ದೀಪದ ಬತ್ತಿಯದು. ಷೆಡ್ಡಿನ ಸಾಲಿನಲ್ಲಿ ನಿಂತ ಯಾವ ಡಬ್ಬಿಯದೂ ಅಲ್ಲ.

ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಮುದ್ದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಇಣುಕಿದಳು. ಐ.ಡಿ.ಹಳ್ಳಿಯವಳು, ಷೆಡ್ಡಿನ ಅಡುಗೆ, ಕಸ, ದೇವರ ದೀಪ ಎಲ್ಲ ಅವಳದೇ.

"ಯಾರಮ್ಮ ಹರಳೆಣ್ಣೆ ಕಾಯ್ಸೋರು ಇಷ್ಟೊತ್ನಾಗೆ?"

ರಂಗೇಶ್ ಕಣ್ಣು ಮುಚ್ಚಿಕೊಂಡ. ಆ ಮುಚ್ಚಿದ ಕಣ್ಣನ್ನು ನೋಡಿ ದಾಕ್ಷಾಯಣಮ್ಮನಿಗೆ ಠಾಣೆಯಲ್ಲಿ ಅವನು ಬಾಯಿ ಬಿಡದಿದ್ದುದರ ಅರ್ಧ ಕಾರಣ ಹೊಳೆಯಿತು. ಅವನು ತನ್ನನ್ನು ಕಾಯ್ದುಕೊಳ್ಳುತ್ತಿರಲಿಲ್ಲ.

ಅವರು ಮುದ್ದಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಗದರಿಸಲಿಲ್ಲ. ಹೋದ ಬುಧವಾರದ ಆಯುಧಪೂಜೆ ಹೇಗಾಯಿತು ಎಂದು ಹಬ್ಬದ ಊಟ ವಿಚಾರಿಸುವ ಧಾಟಿಯಲ್ಲಿ ಕೇಳಿದರು.

ಮುದ್ದಕ್ಕನಿಗೆ ಹೇಳಲು ಸಂತೋಷವೇ ಆಯಿತು. ಅವತ್ತು ರಂಗೇಶ್ ತನ್ನೂರು ಬರಗೂರಿಗೆ ಹಬ್ಬಕ್ಕೆ ಹೋಗಿದ್ದ. ಅನುಪಮಾ ಶಿರಾದ ಮನೆಗೆ ಹೋಗಿದ್ದಳು. ಇರುವವಳು ತಾನೊಬ್ಬಳೇ, ದುಡಿಯುವ ಕಬ್ಬಿಣವನ್ನು ಹಬ್ಬದ ದಿನ ಬರಿಮೈಯಲ್ಲಿ ಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಅವಳ ಅಪ್ಪ ಗಾಡಿ ಹೊಡೆಯುತ್ತಿದ್ದವನು. ಹಬ್ಬದ ದಿನ ಗುದ್ದಲಿ, ಕುಡುಗೋಲು, ನೇಗಿಲ ಗುಳ, ಗಾಡಿಯ ಅಚ್ಚು ಎಲ್ಲಕ್ಕೂ ಹರಳೆಣ್ಣೆ ಸವರಿ, ಒರೆಸಿ, ಆಮೇಲೆ ಕುಂಕುಮ ಇಡುತ್ತಿದ್ದ. ಎಣ್ಣೆ ಕಾಣಿಸದೆ ಪೂಜೆ ಮಾಡಿದರೆ ಕಬ್ಬಿಣ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ. ಈ ಸೈಕಲ್ಲುಗಳಲ್ಲಿ ಎಣ್ಣೆ ಇಡಲು ಕಬ್ಬಿಣವೆಂದು ಕಂಡದ್ದು ಆ ಒಂದು ತಟ್ಟೆ. ವಿಷ್ಣುಚಕ್ರದ ಹಾಗೆ ಹೊಳೆಯುತ್ತಿತ್ತು.

"ಎಲ್ಡು ಕಡೀಕೂ ಸವರ್ದೆ. ಅರಿವೇಲಿ ಚೆನ್ನಾಗಿ ಒರೆಸ್ದೆ, ಜಿಡ್ಡು ಕಾಣ್ದಂಗೆ. ಆಮ್ಯಾಕೆ ಕುಂಕುಮ ಇಟ್ಟು, ಮಂಗಳಾರತಿ ಮಾಡ್ದೆ. ಏನಾರ ತಪ್ಪಾಯ್ತೇನಮ್ಮ?"

ಅನುಪಮಾ ಗೋಡೆಗೆ ಒರಗಿ ನಿಂತಳು. ಅಚ್ಚಿಗೆ ಆಯುಸ್ಸು ಕೊಡುವ ಎಣ್ಣೆ ಈ ತಟ್ಟೆಗೆ ವಿಷ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ.

ಆಗ ರಂಗೇಶ್ ಬಾಯಿ ಬಿಟ್ಟ. ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. ಹಬ್ಬ ಮುಗಿಸಿ ಬಂದವನು ತಟ್ಟೆಗಳ ಮೇಲೆ ಕುಂಕುಮ ಕಂಡು ಗಾಬರಿಯಾದನಂತೆ. ಯಾರಿಗೂ ಹೇಳದೆ ಕುಂಕುಮವಿದ್ದ ತಟ್ಟೆಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ತೊಳೆದ. ಎಣ್ಣೆ ಕುಡಿದ ಪ್ಯಾಡುಗಳನ್ನು ಕಿತ್ತು ಹಿಂದಿನ ಗುಜರಿ ಡಬ್ಬಕ್ಕೆ ಹಾಕಿದ. ಭಾನುವಾರದ ಸವಾರಿಗೆಂದು ಎಲ್ಲ ಸೈಕಲ್ಲಿಗೂ ಹೊಸ ಪ್ಯಾಡು ಹಾಕಿದ. ಒಂದು ಸೈಕಲ್ಲಿನ ತಟ್ಟೆಯಲ್ಲಿ ಮಾತ್ರ ಕುಂಕುಮವಿರಲಿಲ್ಲ. ಅದಕ್ಕೆ ಎಣ್ಣೆ ಮುಟ್ಟಿಲ್ಲ ಎಂದುಕೊಂಡು, ಹೊಸ ಪ್ಯಾಡು ಹಾಕಿದವನು ತಟ್ಟೆಯನ್ನು ತೊಳೆಯದೆ ಬಿಟ್ಟ. ಬಿದ್ದದ್ದು ಅದೇ ಸೈಕಲ್ಲು.

"ಅದಕ್ಕೂ ಎಣ್ಣೆ ಇಟ್ಟು ಕುಂಕುಮ ಮರ್ತಿರ್ಬೇಕು ಅಂತ ಆಮೇಲೆ ಹೊಳೀತು ಅಮ್ಮ. ತೊಳೀದೆ ಇದ್ದದ್ದು ನನ್ನ ತಪ್ಪು. ಅಕ್ಕನ ಹೆಸರು ಎತ್ತಿದ್ರೆ ಠಾಣೆ ಮೆಟ್ಲು ಹತ್ತಿಸ್ತಾರೆ. ಅವ್ಳು ಪೂಜೆ ಮಾಡಿದ್ದು, ಅಪರಾಧ ಮಾಡ್ಲಿಲ್ಲ."

ಮುದ್ದಕ್ಕನಿಗೆ ಈಗ ಅರ್ಥವಾಯಿತು. ಅವಳು ಅಳಲಿಲ್ಲ. ಕೂತಲ್ಲೇ ಒಂದೆರಡು ಸಲ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅಪರಿಚಿತರ ಕೈ ನೋಡುವ ಹಾಗೆ. ಆಮೇಲೆ ಎದ್ದು ಸೆರಗು ಬಿಗಿದಳು.

"ನಡಿಯಮ್ಮ ಠಾಣೆಗೆ. ನಾನೇ ಹೇಳ್ತೀನಿ. ಈ ಹೈದ ಯಾಕೆ ನನ್ ಪಾಪ ಹೊತ್ಕೊಂಡು ಕುಂತವ್ನೆ?"

"ಸುಮ್ಕಿರಕ್ಕ," ಎಂದ ರಂಗೇಶ್.

"ನೀನ್ ಸುಮ್ಕಿರ್ಲಾ. ಸುಮ್ಕಿದ್ದು ಇದ್ದು ಇಲ್ಲೀಗಂಟ ಬಂದೈತೆ." ಅವಳು ದಾಕ್ಷಾಯಣಮ್ಮನ ಕಡೆ ತಿರುಗಿದಳು. "ಅಲ್ಲಿ ಮುದ್ದೆ ಕೊಡ್ತಾರೇನಮ್ಮ? ನಂಗೆ ಅನ್ನ ತಿಂದ್ರೆ ಹೊಟ್ಟೆ ನಿಲ್ಲಾಕಿಲ್ಲ."

"ಕೊಡ್ತಾರೆ. ನಿನ್ನ ಕೈ ಮುದ್ದೆ ಥರ ಇರಲ್ಲ ಅಷ್ಟೆ. ಕೂತ್ಕೊ ಮುದ್ದಕ್ಕ. ಇನ್ನೂ ಒಂದು ಮಾತಿದೆ. ಒಂದು ಸೈಕಲ್ಲಿಗೆ ಮಾತ್ರ ಕುಂಕುಮ ಯಾಕಿಡಲಿಲ್ಲ?"

ಮುದ್ದಕ್ಕ ಹುಬ್ಬುಗಂಟಿಕ್ಕಿದಳು. ತಾನು ಒಂದು ಚಕ್ರಕ್ಕೆ ಎಣ್ಣೆ ಇಟ್ಟು ಕುಂಕುಮ ಮರೆಯುವವಳೇ? ಇದ್ದವುಗಳಿಗೆಲ್ಲ ಇಟ್ಟಿದ್ದೆ ಎಂದಳು. ಇಲ್ಲದ್ದಕ್ಕೆ ಎಲ್ಲಿಂದ ಇಡುವುದು?

"ಇಲ್ಲದ್ದು ಅಂದರೆ?"

ಉತ್ತರ ಕೊಟ್ಟವಳು ಅನುಪಮಾ. ಅವಳ ದನಿ ತೀರ ಸಣ್ಣಗಾಗಿತ್ತು. "ಅದು ಹಬ್ಬದ ದಿನ ಇಲ್ಲಿರ್ಲಿಲ್ಲ. ನನ್ನ ಜೊತೆ ಶಿರಾದಲ್ಲಿತ್ತು. ನಾನು ಯಾವಾಗ್ಲೂ ಹತ್ತೋದು ಅದನ್ನೇ ಅಲ್ವಾ? ಮಾರನೇ ದಿನ ತಂದು ನಿಲ್ಲಿಸ್ದೆ."

ಹೊರಗೆ ಬಟ್ಟೆ ಹಿಂಡಿದ ಸದ್ದು ನಿಂತಿತು.

ದಾಕ್ಷಾಯಣಮ್ಮ ಮೆಲ್ಲನೆ ಎದ್ದು ಷೆಡ್ಡಿನ ಸೈಕಲ್ಲುಗಳ ಸಾಲಿಗೆ ಬಂದರು. ಕನ್ನಡಕ ಏರಿಸಿ, ಪ್ರತಿಯೊಂದು ತಟ್ಟೆಯ ಮುಂದೆಯೂ ಗರ್ಭಗುಡಿಯ ಎದುರು ಬಾಗಿದಂತೆ ಬಾಗಿದರು. ರಂಗೇಶ್ ಎಷ್ಟೇ ತೊಳೆದಿದ್ದರೂ ತೂತುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಎಣ್ಣೆ ಬೆರೆತ ಕುಂಕುಮ ಒಂದು ಸಲಕ್ಕೆ ಬಿಟ್ಟುಹೋಗುವುದಿಲ್ಲ. ಪೂಜೆ ಮಾಡುವ ಎಲ್ಲರಿಗೂ ಅದು ಗೊತ್ತು. ಆಮೇಲೆ ಅವರು ತಮ್ಮ ಮೊಬೈಲಿನಲ್ಲಿ ಠಾಣೆಯಲ್ಲಿ ತೆಗೆದ ಎರಡು ಚಿತ್ರ ತೆರೆದು ರಂಗೇಶನ ಮುಂದೆ ಹಿಡಿದರು. ಬಿದ್ದ ಸೈಕಲ್ಲನ್ನು ರಂಗೇಶ್ ಮತ್ತೆ ನೋಡಿರಲೇ ಇಲ್ಲ. ಅವನ ಮೇಲೆ ಗುಮಾನಿಯಿದ್ದುದರಿಂದ ಅವನನ್ನು ಅದರ ಹತ್ತಿರ ಬಿಟ್ಟಿರಲಿಲ್ಲ.

ಮೊದಲನೆಯದು ಬಿದ್ದ ಸೈಕಲ್ಲಿನ ತಟ್ಟೆ. ತೂತುಗಳಲ್ಲಿ ಕೆಂಪಿನ ಸುಳಿವಿಲ್ಲ.

ಎರಡನೆಯದು ಅದರ ಪ್ಯಾಡು. ಕಪ್ಪಗೆ, ಸವೆದು, ಮೈ ಮಿರುಗುತ್ತಿತ್ತು. ಪ್ಯಾಡಿಗೂ ಅದರ ಹಿಂದಿನ ತಗಡಿಗೂ ನಡುವೆ, ಉಗುರಿನ ಸಂದಿಯಲ್ಲಿ ಉಳಿದ ಅರಗಿನ ಹಾಗೆ, ತೆಳುವಾದ ಒಂದು ಕೆಂಪು ಗೆರೆ.

ರಂಗೇಶ್ ಮೊಬೈಲನ್ನು ಕೈಗೆ ತೆಗೆದುಕೊಂಡ. ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿದ. ಮತ್ತೆ ಹಿಗ್ಗಿಸಿದ.

"ಇದು ನಾನು ಹಾಕಿದ್ದಲ್ಲ," ಎಂದ. "ನಾನು ಹಾಕಿದ್ದು ಹೊಸದು. ಇದು ಡಬ್ಬಕ್ಕೆ ಬಿಸಾಕಿದ್ದು."

ಮುದ್ದಕ್ಕನ ಎಣ್ಣೆ ಆ ಸೈಕಲ್ಲನ್ನು ಮುಟ್ಟಿಯೇ ಇರಲಿಲ್ಲ. ರಂಗೇಶ್ ತೊಳೆಯದೆ ಬಿಟ್ಟ ತಟ್ಟೆ ಮೊದಲಿನಿಂದಲೂ ಶುದ್ಧವಾಗಿಯೇ ಇತ್ತು. ಅವನು ಕಿತ್ತೆಸೆದದ್ದನ್ನು ಯಾರೋ ಡಬ್ಬದಿಂದ ಹೆಕ್ಕಿ, ಹೊಸದನ್ನು ತೆಗೆದು, ಆ ಜಾಗಕ್ಕೆ ಇದನ್ನು ಕೂರಿಸಿದ್ದರು. ಮರೆವಿನಿಂದ ಇಷ್ಟು ಕೆಲಸ ಆಗುವುದಿಲ್ಲ.

ಮುದ್ದಕ್ಕ ದೇವರ ಪಟದ ಕಡೆ ತಿರುಗಿ ಕೈಮುಗಿದಳು. ತನ್ನ ಕೈ ಮತ್ತೆ ತನ್ನದಾಯಿತು ಎಂಬಂತೆ ಒಂದನ್ನು ಇನ್ನೊಂದರಲ್ಲಿ ಹಿಡಿದುಕೊಂಡಳು. ದಾಕ್ಷಾಯಣಮ್ಮ ಮಾತ್ರ ಅನುಪಮಾಳನ್ನೇ ನೋಡುತ್ತಿದ್ದರು. ಹಳ್ಳಿಯ ಕಥೆಗಳಲ್ಲಿ ಬಾಣ ಯಾರಿಗೆ ತಗುಲಿತು ಎಂದು ಮಕ್ಕಳು ಕೇಳುತ್ತಾರೆ. ಯಾರಿಗೆಂದು ಬಿಟ್ಟದ್ದು ಎಂದು ಕೇಳುವುದು ಅಜ್ಜಿಯಂದಿರು.

"ನಿನ್ನ ಸೈಕಲ್ಲಿನ ಮೇಲೆ ಪ್ರಸನ್ನ ಹೇಗೆ ಬಂದ ಮಗಳೆ?"

ಅನುಪಮಾ ಕೂತಳು. ಅದನ್ನು ಅವಳು ಪೊಲೀಸರಿಗೆ ಹೇಳಿರಲಿಲ್ಲ, ಮುಖ್ಯವೆಂದು ಅನ್ನಿಸಿರಲಿಲ್ಲ. ಪಿಕಪ್ಪಿನಿಂದ ಇಳಿಸಿದ ಸೈಕಲ್ಲು ಹತ್ತಿ ಎಲ್ಲರೂ ಮೇಲೇರಿದ್ದರು. ಏರುದಾರಿಯಲ್ಲಿ ಮುಂದಿನ ಬ್ರೇಕಿಗೆ ಕೆಲಸವಿಲ್ಲ, ಅವಳಿಗೆ ಏನೂ ಗೊತ್ತಾಗಲಿಲ್ಲ. ಮೇಲೆ, ಬಯಲು ಕಾಣುವ ಹಾಸುಬಂಡೆಯ ಹತ್ತಿರ, ಪ್ರಸನ್ನ ಕುಮಾರ್ ಫೋನು ಕಿವಿಗಿಟ್ಟುಕೊಂಡು ಸ್ವಲ್ಪ ದೂರ ಹೋಗಿ ನಿಂತಿದ್ದ. ತಿರುಗಿ ಬಂದಾಗ ಅವನ ಮುಖ ಬೇರೆಯಾಗಿತ್ತು. ಅಕ್ಕ, ನಿಮ್ಮ ಚಕ್ರದಲ್ಲಿ ಗಾಳಿ ಕಡಿಮೆ ಇದೆ, ಜಾಲಿಮುಳ್ಳು ಹೊಕ್ಕಿರಬೇಕು, ನನ್ನದನ್ನು ನೀವು ತಗೊಳ್ಳಿ ಎಂದ. ಅವಳು ಒತ್ತಿ ನೋಡಿದಳು. ಗಾಳಿ ಕಲ್ಲಿನ ಹಾಗಿತ್ತು. ಹಾಗೆಂದು ಹೇಳುವಷ್ಟರಲ್ಲಿ ಅವನು ಅವಳ ಸೈಕಲ್ಲು ಹತ್ತಿ ಆಗಿತ್ತು.

"ನಿಧಾನಕ್ಕೆ ಇಳಿದ ಅಮ್ಮ. ಮೈಯೆಲ್ಲ ಹಿಂದಕ್ಕೆ ಹಾಕಿ, ಹಿಂದಿನ ಬ್ರೇಕು ಒಂದನ್ನೇ ಹಿಡ್ಕೊಂಡು. ಅಷ್ಟು ಹುಷಾರಾಗಿ ಅವ್ನು ಇಳಿದಿದ್ದನ್ನ ನಾನು ಯಾವತ್ತೂ ನೋಡಿಲ್ಲ. ಆ ತಿರುವು ಮಾತ್ರ ಸಿಗ್ಲಿಲ್ಲ ಅವ್ನಿಗೆ."

ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ರೇಕು ಕೆಟ್ಟಿದೆಯೆಂದು ಗೊತ್ತಿದ್ದೇ ಪ್ರಸನ್ನ ಹತ್ತಿದ್ದ. ಗೊತ್ತಾದದ್ದು ಬಂಡೆಯ ಮೇಲೆ ನಿಂತಾಗ. ತಿಳಿಸಿದವರು ಯಾರೋ, ಬೆಟ್ಟದ ಕೆಳಗಿದ್ದವರು.

ದಾಕ್ಷಾಯಣಮ್ಮ ಬಾಗಿಲ ಕಡೆ ತಿರುಗಲಿಲ್ಲ. ತಿರುಗದೆಯೇ, ಹೊರಗಿನವರಿಗೂ ಕೇಳುವಷ್ಟು ದನಿಯಲ್ಲಿ, ಸಂಜೆಯಾಗಲು ಇನ್ನೂ ಹೊತ್ತಿದೆ ಎಂದರು. ಶಿವನ ಮುಂದೆ ತಡವಾಗಿ ಬಂದವನಿಗೂ ಬಾಗಿಲು ಹಾಕುವುದಿಲ್ಲ ಎಂದರು. ಆಮೇಲೆ ಸ್ಟೂಲಿನ ಮೇಲೆ ಕೂತು ಕಾದರು.

ಮಂಜು ಹರಿದು ಬೆಟ್ಟದ ಒಂದು ಭುಜ ಕಾಣತೊಡಗಿದಾಗ ಮಲ್ಲೇಶ್ ಒಳಗೆ ಬಂದ. ಬರಿಗಾಲು, ಒದ್ದೆ ತೋಳು. ಬಾಗಿಲ ಪಕ್ಕದಲ್ಲೇ ನಿಂತುಕೊಂಡ.

"ಮೇಲಿದ್ದ ಪ್ರಸನ್ನಂಗೆ ಫೋನ್ ಮಾಡ್ದೋನು ನಾನೇ," ಎಂದ. "ಅಕ್ಕೋರ್ ಸೈಕಲ್ ಬ್ರೇಕ್ ಹೋಗೈತೆ, ಯಾರೂ ಹತ್ತಬ್ಯಾಡಿ, ನಡ್ಕೊಂಡು ಇಳೀರಿ ಅಂದೆ. ಹತ್ತು ಅಂದಿರ್ಲಿಲ್ಲ ಅವ್ನಿಗೆ. ನನ್ ಹೆಸರು ಬರಬಾರ್ದು ಅಂತ ತಾನೇ ಹತ್ಬಿಟ್ಟ."

"ಪ್ಯಾಡು ಬದಲಾಯಿಸಿದ್ದು?" ಎಂದರು ದಾಕ್ಷಾಯಣಮ್ಮ.

"ಅದೂ ನಾನೇ. ಪಿಕಪ್ಪಿಂದ ಇಳಿಸೋವಾಗ." ಅವನು ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ. "ಅಕ್ಕೋರ್ನ ಇಲ್ಲಿಂದ ಓಡಿಸ್ಬೇಕು ಅಂತ ಇದನ್ನ ಮಾಡು ಅಂದೋರ್ ಹೆಸರು ಒಂದನ್ನ ಮಾತ್ರ ಇವತ್ತು ಕೇಳಬ್ಯಾಡಿ ಅಮ್ಮ. ನನ್ ಮನೇವ್ರು ಗೌಡಗೆರೇಲಿ ಅವ್ರ ಕಣ್ಣೆದುರ್ಗೇ ಅವ್ರೆ."

ಅನುಪಮಾ ಎದ್ದು ನಿಂತಳು. ದಾಕ್ಷಾಯಣಮ್ಮ ಕೈಯೆತ್ತಿ ಅವಳನ್ನು ತಡೆದರು.

ಮಲ್ಲೇಶ್ ಅವರಿಬ್ಬರನ್ನೂ ದಾಟಿ ರಂಗೇಶನ ಎದುರು ಬಂದು ನಿಂತ. ಅಂಗಿಯ ಜೇಬಿನಿಂದ ಚಿಂದಿಯಲ್ಲಿ ಸುತ್ತಿದ ಏನನ್ನೋ ತೆಗೆದು ಬಿಚ್ಚಿದ. ಎರಡು ಪ್ಯಾಡು. ರಂಗೇಶ್ ಹಾಕಿದ್ದ ಹೊಸವು, ಅಂಚು ಸಹ ಮಾಸಿರಲಿಲ್ಲ. ರಂಗೇಶನ ಗ್ರೀಸು ಮೆತ್ತಿದ ಕೈಯನ್ನು ತಾನೇ ಹಿಡಿದು, ಬೆರಳು ಬಿಡಿಸಿ, ಅವುಗಳನ್ನು ಒಂದರ ಪಕ್ಕ ಒಂದು ಇಟ್ಟು, ಬೆರಳುಗಳನ್ನು ಮತ್ತೆ ಮಡಿಚಿದ.